ಅನ್ಯಲೋಕದ ಧರ್ಮ: ಬಹಿರಂಗ ಮತ್ತು ಅಂತರಂಗ

ಪರಮತದ ಚಿತ್ರಣವು ಕವಿಗೆ ಎಂದೂ ಸುಲಭವಾದ ಕಾರ್ಯವಲ್ಲ. ಸ್ವಮತವನ್ನು ಒಳಗಿನಿಂದ ಬಲ್ಲವನು ಪರಮತವನ್ನು ಹೊರಗಿನಿಂದಲೇ ನೋಡುತ್ತಾನೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಜೈನಮತವನ್ನು ಎತ್ತಿಹಿಡಿಯಲು ಇತರ ಮತಗಳನ್ನು ಪರಿಹಾಸ ಮಾಡಿದನು. ಅತ್ತ ಏಕಾಂತದ ರಾಮಯ್ಯನ ಚರಿತೆಯಲ್ಲಿ ಜೈನರು ಸೋಲುವುದಕ್ಕೆಂದೇ ಬರುತ್ತಾರೆ. ಅನ್ಯರಿಗೂ ಒಂದು ಅಂತರಂಗವುಂಟೆಂಬ ಅರಿವು ಎರಡೂ ಕಡೆ ವಿರಳ.

ಈ ಹಳೆಯ ಸಮಸ್ಯೆಯೇ ಹೊಸ ವೇಷದಲ್ಲಿ ದೂರದರ್ಶನದ ವೈಜ್ಞಾನಿಕ ಕಥನಗಳಲ್ಲಿ ಕಾಣಿಸಿಕೊಂಡಿದೆ. ಅಮೆರಿಕದಲ್ಲಿ ೧೯೬೬ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯು ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಪ್ರಸಾರವಾಯಿತು. ನಕ್ಷತ್ರಲೋಕಗಳಲ್ಲಿ ಸಂಚರಿಸುವ ನೌಕೆಯೊಂದು ವಾರಕ್ಕೊಂದು ಲೋಕವನ್ನೂ, ಅಲ್ಲಿಯ ಜನರ ಆಚಾರವಿಚಾರಗಳನ್ನೂ ನೋಡುಗರ ಮುಂದಿರಿಸುತ್ತಿತ್ತು.

೧೯೬೭ರ ‘ದಿ ಆ್ಯಪಲ್’ ಎಂಬ ಕಂತನ್ನು ನೋಡಬಹುದು. ಒಂದು ಲೋಕದ ಜನರು ‘ವಾಲ್’ ಎಂಬ ದೈವಕ್ಕೆ ನೈವೇದ್ಯ ಸಲ್ಲಿಸಿ ನೆಮ್ಮದಿಯಿಂದಿದ್ದಾರೆ. ಆ ದೈವವು ಯಂತ್ರವೆಂದು ತಿಳಿದ ನೌಕಾನಾಯಕನು ಅದನ್ನು ನಾಶಪಡಿಸುತ್ತಾನೆ. ಪರರ ಬಾಳಿನಲ್ಲಿ ಕೈಹಾಕಬಾರದೆಂಬುದು ಆ ನೌಕೆಯವರದೇ ನಿಯಮ. ಜೊತೆಗಾರನಾದ ಸ್ಪಾಕ್ ಆ ಜನರ ಬದುಕು ಅವರಿಗೆ ಸಾಲುತ್ತಿದೆಯೆಂದು ವಾದಿಸುತ್ತಾನಾದರೂ ಕಥೆಯ ಒಲವು ನಾಯಕನ ಕಡೆಗೇ. ಅದೇ ವರ್ಷದ ‘ದಿ ರಿಟರ್ನ್ ಆಫ್ ದಿ ಆರ್ಕಾನ್ಸ್’ ಕಂತಿನಲ್ಲಿಯೂ ಜನರು ಪೂಜಿಸುವ ಲ್ಯಾಂಡ್ರು ಕಡೆಗೆ ಗಣಕಯಂತ್ರವಾಗುತ್ತಾನೆ. ಇಲ್ಲಿ ಅನ್ಯಧರ್ಮವೆಂದರೆ ಬಯಲಿಗೆಳೆಯಬೇಕಾದ ಮೋಸ. ಪೂಜಿಸುವವನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವವರೇ ಇಲ್ಲ.

ಇನ್ನೊಂದು ಕೊರತೆಯೂ ಗಮನಾರ್ಹ. ಈ ಕಥೆಗಳಲ್ಲಿ ಬಹುಮಟ್ಟಿಗೆ ಒಂದು ಲೋಕಕ್ಕೆ ಒಂದೇ ಉಡುಪು, ಒಂದೇ ನಂಬಿಕೆ. ದೊಡ್ಡಬೆಳವಂಗಲದಲ್ಲಿ ನಿಂತು ನೋಡುವವನಿಗೆ ಇದು ವಿಚಿತ್ರವೆನಿಸದೆ ಇರದು. ನಮ್ಮ ತಾಲ್ಲೂಕೊಂದರಲ್ಲಿಯೇ ಘಾಟಿಯ ಸುಬ್ರಹ್ಮಣ್ಯನಿದ್ದಾನೆ, ಮಧುರೆಯ ಶನಿಮಹಾತ್ಮನಿದ್ದಾನೆ; ನೆಲಮಂಗಲದ ಕಡೆ ಹೊರಳಿದರೆ ಶಿವಗಂಗೆಯ ಗಂಗಾಧರೇಶ್ವರನಿದ್ದಾನೆ. ಘಾಟಿಯ ದನಗಳ ಜಾತ್ರೆಯೊಂದನ್ನೇ ಕಂಡು ಹೋದವನು ‘ಭೂಲೋಕದ ಧರ್ಮ’ವನ್ನು ವರ್ಣಿಸಿದರೆ ಎಷ್ಟು ನಿಜವೋ, ಈ ಚಿತ್ರಣವೂ ಅಷ್ಟೇ ನಿಜ.

ಆದರೆ ಇದೇ ಪರಂಪರೆಯು ಮುಂದೆ ತನ್ನನ್ನು ತಾನೇ ತಿದ್ದಿಕೊಂಡಿತೆಂಬುದನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣ. ೧೯೯೧ರ ‘ಡಾರ್ಮಾಕ್’ ಕಂತಿನಲ್ಲಿ ಬರುವ ಜನರು ತಮ್ಮ ಪುರಾಣಕಥೆಗಳ ಉಲ್ಲೇಖದಿಂದಲೇ ಮಾತನಾಡುತ್ತಾರೆ. ಅನುವಾದದ ಯಂತ್ರವು ಪದಗಳನ್ನು ತಿಳಿಸಿದರೂ ಅರ್ಥ ದಕ್ಕುವುದಿಲ್ಲ. ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ ಎನ್ನುವ ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ಕಥೆ ಅರಿಯದವನಿಗೆ ಮಾತೂ ಇಲ್ಲ. ಬೆಡಗಿನ ವಚನಗಳಿಗೆ ಟೀಕಾಕಾರರು ಬೇಕಾದುದೂ ಇಂತಹ ಕಾರಣದಿಂದಲೇ. ಆ ಕಂತಿನ ನಾಯಕನು ಕಡೆಗೆ ಮರಣಾಸನ್ನನಾದ ಅನ್ಯಲೋಕದವನಿಗೆ ಗಿಲ್ಗಮೆಶ್‌ನ ಕಥೆಯನ್ನು ಹೇಳುತ್ತಾನೆ. ಕಥೆಗೆ ಪ್ರತಿಯಾಗಿ ಕಥೆಯನ್ನು ಕೊಟ್ಟಾಗ ಮಾತ್ರ ಬಾಗಿಲು ತೆರೆಯುತ್ತದೆ.

೧೯೯೩ರಲ್ಲಿ ಆರಂಭವಾದ ‘ಡೀಪ್ ಸ್ಪೇಸ್ ನೈನ್’ ಇನ್ನೂ ಮುಂದೆ ಹೋಯಿತು. ಬಜೋರ್ ಎಂಬ ಲೋಕದವರು ದೇವರೆಂದು ನಂಬಿದವರನ್ನು ಭೂಮಿಯವರು ಅನ್ಯಜೀವಿಗಳೆನ್ನುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಯಾವುದನ್ನು ಕಲಿಸಬೇಕೆಂಬ ವ್ಯಾಜ್ಯವೇ ಆ ವರ್ಷದ ಒಂದು ಕಂತಿನ ವಸ್ತು. ಧರ್ಮವನ್ನು ಅಧಿಕಾರಕ್ಕೆ ಬಳಸುವವರೂ ಅಲ್ಲಿದ್ದಾರೆ. ಆದರೂ ಪರರ ಆಳ್ವಿಕೆಯ ಕಷ್ಟಕಾಲದಲ್ಲಿ ಆ ಜನರನ್ನು ಕಾಪಾಡಿದ್ದು ಆ ನಂಬಿಕೆಯೇ ಎಂದು ಸಿಸ್ಕೊ ತನ್ನ ಮಗನಿಗೆ ತಿಳಿಹೇಳುತ್ತಾನೆ. ತಾನು ನಂಬದ ಧರ್ಮವನ್ನು ತಾನು ಗೌರವದಿಂದ ಕಾಣುವುದು ಇಲ್ಲಿಯ ಹೆಚ್ಚಳ.

ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟ ಭಕ್ತನನ್ನು ಅನ್ಯಲೋಕದ ಛಾಯಾಗ್ರಾಹಕನೊಬ್ಬನು ಸೆರೆಹಿಡಿದನೆನ್ನೋಣ. ಆ ಚಿತ್ರದಲ್ಲಿ ಕೈ ಸರಿಯಾಗಿರುತ್ತದೆ, ಕಣ್ಣು ಸರಿಯಾಗಿರುತ್ತದೆ; ಪೂಜೆಯು ಮಾತ್ರ ಇರುವುದಿಲ್ಲ. ನಮ್ಮ ಬಗೆಗೆ ಅಂತಹ ಚಿತ್ರವನ್ನು ನಾವು ಒಪ್ಪಲಾರೆವು. ಹಾಗಿರುವಾಗ ನೆರೆಯವರ ಆಚರಣೆಯನ್ನು ಕಾವ್ಯದಲ್ಲಾಗಲಿ ತೆರೆಯಲ್ಲಾಗಲಿ ಬಹಿರಂಗದಿಂದಲೇ ಅಳೆದು ತೀರ್ಪು ಕೊಡುವುದನ್ನೂ ನಾವು ಒಪ್ಪಲಾಗದು. ಅನ್ಯರನ್ನು ಚಿತ್ರಿಸುವ ಕೃತಿಯ ಬೆಲೆ ಅದರ ವೇಷಭೂಷಣದ ವೈಚಿತ್ರ್ಯದಲ್ಲಿಲ್ಲ. ಅವರ ಅಂತರಂಗಕ್ಕೆ ಅದು ಎಷ್ಟು ಎಡೆಗೊಟ್ಟಿದೆಯೆಂಬುದರಲ್ಲಿದೆ.