ಆಸರೆಯೂ ತಡೆಯೇ: ಕೊಪ್ಪಳ ಸೀಮೆಯ ಎಚ್‌ಐವಿ ಕೆಲಸ

ಎಚ್‌ಐವಿ ತಡೆಯ ಚರ್ಚೆ ಬಂದಾಗಲೆಲ್ಲ ಕೋಲ್ಕತ್ತದ ಸೋನಾಗಾಚಿಯ ಹೆಸರು ಬರುತ್ತದೆ. 1992ರಲ್ಲಿ ಅಲ್ಲಿ ಶುರುವಾದ ಯೋಜನೆ ಲೈಂಗಿಕ ಕಾರ್ಯಕರ್ತೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿ ದೇಶಕ್ಕೆಲ್ಲ ಮಾದರಿಯಾಯಿತು. ಆದರೆ ಅದು ಕಣ್ಣಿಗೆ ಕಾಣುವ ಒಂದು ಕೇರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಪರಿಸ್ಥಿತಿ ಬೇರೆ. ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ತನ್ನ ಊರಲ್ಲೇ, ತಾಯಿಯ ಮನೆಯಲ್ಲೇ, ಮಕ್ಕಳನ್ನು ಕಟ್ಟಿಕೊಂಡು ಇರುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿಗೆ ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು, ಲಾರಿಗಳೂ ಹೊರಗಿನ ಕೂಲಿಗಳೂ ಬಂದರು. ಮಳೆಯನ್ನೇ ನೆಚ್ಚಿದ ಯಲಬುರ್ಗಾ, ಕುಷ್ಟಗಿಯವರು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋದರು. ಹುಲಗಿಯ ಹುಲಿಗೆಮ್ಮನ ಜಾತ್ರೆಗೆ ಬರುವ, ದೇವಿಗೆ ಮುಡಿಪಾಗಿ ಹೆಣ್ಣುಡುಗೆ ತೊಡುವ ಜೋಗಪ್ಪಗಳದು ಇನ್ನೊಂದು ಬದುಕು. ಸೋಂಕು ಇವೆಲ್ಲದರ ನಡುವೆ ಸದ್ದಿಲ್ಲದೆ ಹರಿದಾಡಿತು. ಇಂಥ ಕಡೆ ತಡೆಯ ಕೆಲಸವನ್ನು ಹಂಚಿದ ಕಾಂಡೋಮ್‌ಗಳ, ಮಾಡಿದ ಪರೀಕ್ಷೆಗಳ ಲೆಕ್ಕದಿಂದ ಅಳೆದರೆ ಅರ್ಧವೇ ಕಾಣುತ್ತದೆ. ಇಲ್ಲಿ ಫಲ ಕೊಟ್ಟದ್ದು ಹೆಣ್ಣುಮಕ್ಕಳಿಗೆ ಸಿಕ್ಕ ಆಸರೆ. ಅನುದಾನ ಕಡಿಮೆಯಾದಾಗ ಮೊದಲು ಕೈಬಿಡುವುದೂ ಅದನ್ನೇ.

ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಕಾರ್ಯಕ್ರಮ 2003ರಲ್ಲಿ ಆರು ರಾಜ್ಯಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ದೊಡ್ಡ ಪಾಲನ್ನು ಹೊತ್ತದ್ದು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್. ಕೊಪ್ಪಳ ಸೀಮೆಯಲ್ಲಿ 'ಸಮೂಹ' ಸಂಸ್ಥೆಯ ಅಂಗವಾದ 'ಸಂರಕ್ಷ' ಹಳ್ಳಿಗಳಿಗೆ ಇಳಿದು ಕೆಲಸ ಮಾಡಿತು. ಮುಂದೆ ಅಮೆರಿಕದ ನೆರವಿನ 'ಸಮಸ್ತ' ಯೋಜನೆ ಮತ್ತು ಸರ್ಕಾರದ ಲಿಂಕ್ ವರ್ಕರ್‌ಗಳು ಹಳ್ಳಿಯ ಮಟ್ಟಕ್ಕೆ ಬಂದರು. ಇವೆಲ್ಲದರ ಜೀವಾಳ ಪೀರ್ ಎಜುಕೇಟರ್: ಅದೇ ಬದುಕು ಬಾಳಿದ, ಅದೇ ಊರಿನ ಬಾಯಿಮಾತು ಆಡುವ ಹೆಣ್ಣುಮಗಳು. ನಿರೋಧ್ ಕೊಡುವುದು ಅವಳ ಕೆಲಸದ ಸಣ್ಣ ಭಾಗ. ಪೊಲೀಸರು ಹಿಡಿದರೆ ಠಾಣೆಗೆ ಹೋಗುವುದು, ಬಿಳಿಸೆರಗಿಗೆ ಔಷಧ ಕೊಡಿಸಲು ಜೊತೆಯಲ್ಲಿ ಆಸ್ಪತ್ರೆಗೆ ನಡೆಯುವುದು, ರೇಷನ್ ಕಾರ್ಡಿಗೆ ಅರ್ಜಿ ಬರೆಸುವುದು, ಇವೇ ನಂಬಿಕೆ ಗಳಿಸಿದ್ದು. ಆ ನಂಬಿಕೆ ಇದ್ದುದರಿಂದಲೇ ರಕ್ತಪರೀಕ್ಷೆಗೆ ತೋಳು ಚಾಚಿದರು. ಆವಾಹನ್‌ನಿಂದ 2008ರವರೆಗೆ ಸುಮಾರು 1 ಲಕ್ಷ ಸೋಂಕುಗಳು ತಪ್ಪಿದವು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2011ರಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಕರ್ನಾಟಕದಲ್ಲಿ ಪರಿಣಾಮ ಸ್ಪಷ್ಟವಾಗಿತ್ತು ಎಂದೂ ಹೇಳಿತು. ಇದು ಆರು ರಾಜ್ಯಗಳ ಗಣಿತದ ಅಂದಾಜು, ಕೊಪ್ಪಳ ಒಂದರದ್ದಲ್ಲ. ಯಾವ ಕೆಲಸದಿಂದ ಎಷ್ಟು ಫಲ ಎಂದು ಅದು ಬಿಡಿಸಿ ಹೇಳುವುದೂ ಇಲ್ಲ. ಹಾಗಾಗಿ ಇದನ್ನು ಕಾಂಡೋಮ್ ಹಂಚಿಕೆಯೊಂದರದೇ ಗೆಲುವೆಂದು ಓದುವುದು ದುಡುಕಾಗುತ್ತದೆ.

ಈ ಕೆಲಸದ ದೊಡ್ಡ ಕೊರತೆ ಗಂಡಸು. ಹೊಸ ಗಿರಾಕಿಗೆ 'ನಿರೋಧ್ ಇಲ್ಲದಿದ್ದರೆ ಬೇಡ' ಎನ್ನುವುದನ್ನು ಹೆಣ್ಣುಮಕ್ಕಳು ಕಲಿತರು. ವರ್ಷಗಟ್ಟಲೆ ಜೊತೆಗಿದ್ದು, ಮಕ್ಕಳ ತಂದೆಯೂ ಆದವನಿಗೆ ಅದನ್ನೇ ಹೇಳುವುದು ಸುಲಭವಲ್ಲ. ಹೇಳಿದರೆ ಪ್ರೀತಿಯ ಮೇಲೇ ಅನುಮಾನ, ಕೆಲವೊಮ್ಮೆ ಹೊಡೆತ. ಅವನಿಗೆ ಮನೆಯಲ್ಲಿ ಹೆಂಡತಿಯೂ ಇರುತ್ತಾಳೆ, ಆಕೆ ಯಾವ 'ಅಪಾಯದ ಗುಂಪಿ'ನ ಪಟ್ಟಿಯಲ್ಲೂ ಇಲ್ಲ. ಬಸುರಿಯಾದಾಗ ಮಾಡುವ ರಕ್ತಪರೀಕ್ಷೆಯೇ ಅವಳಿಗೆ ಮೊದಲ ಸುದ್ದಿ. ಪಕ್ಕದ ಬಾಗಲಕೋಟೆಯ ಹಳ್ಳಿಗಳಲ್ಲಿ 'ಸಂವೇದನಾ ಪ್ಲಸ್' ಎಂಬ ಪ್ರಯೋಗ ಈ ಗಂಡಸರನ್ನೂ ಕೂರಿಸಿ ಮಾತಾಡುವ ದಾರಿ ಹಿಡಿದದ್ದು ಸರಿಯಾದ ಹೆಜ್ಜೆ. ತಡೆಯ ಹೊಣೆಯನ್ನೆಲ್ಲ ಹೆಣ್ಣಿನ ಹೆಗಲಿಗೆ ಹೇರುವುದು ಅನ್ಯಾಯ, ವೈದ್ಯಕೀಯವಾಗಿಯೂ ತಪ್ಪು.

ಆಕ್ಷೇಪಗಳಿವೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿರುವಾಗ ಈ ಹೆಣ್ಣುಮಕ್ಕಳ ಜೊತೆ ಕಾಂಡೋಮ್ ಹಿಡಿದು ಕೆಲಸ ಮಾಡಿದರೆ ಪದ್ಧತಿಯನ್ನೇ ಒಪ್ಪಿಕೊಂಡಂತಲ್ಲವೇ ಎಂದು ಕೇಳುವವರಿದ್ದಾರೆ. ಕಾಯ್ದೆ ಬೇಕು, ಬಿಗಿಯಾಗಿಯೇ ಜಾರಿಯಾಗಬೇಕು. ಆದರೆ ಮುತ್ತು ಕಟ್ಟಿಸಿಕೊಂಡು ಇಪ್ಪತ್ತು ವರ್ಷ ಕಳೆದವಳನ್ನು ಕಾಯ್ದೆ ಸೋಂಕಿನಿಂದ ಕಾಪಾಡದು. ಹೆದರಿಸಿದಷ್ಟೂ ಆಕೆ ಆಸ್ಪತ್ರೆಯಿಂದ ದೂರ ಸರಿಯುತ್ತಾಳೆ. ಗುಂಪು ಗುರುತಿಸುವುದರಿಂದಲೇ ಕಳಂಕ ಹತ್ತುತ್ತದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಮಹಿಳಾ ಅಭಿವೃದ್ಧಿ ನಿಗಮದ 'ಧನಶ್ರೀ' ನೆರವು ಸೋಂಕಿತ ಮಹಿಳೆಯರಿಗಾಗಿಯೇ ಇದೆ. ಅದು ಬೇಕೆಂದರೆ ತನಗೆ ಸೋಂಕಿದೆ ಎಂದು ಕಾಗದದಲ್ಲಿ ಒಪ್ಪಬೇಕು, ಆ ಕಾಗದ ಹತ್ತು ಕೈ ದಾಟುವ ಭಯವನ್ನೂ ಹೊರಬೇಕು. ಒಪ್ಪಿಗೆಯಿಲ್ಲದೆ ಸ್ಥಿತಿ ಬಯಲುಮಾಡಬಾರದೆಂಬ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದು ತಾಲ್ಲೂಕು ಕಚೇರಿಯ ಗುಮಾಸ್ತನಿಗೂ ಗೊತ್ತಿರಬೇಕು. ಗುರುತಿಸುವುದನ್ನೇ ಬಿಟ್ಟರೆ ನೆರವು ತಲುಪದು. ಗುಟ್ಟು ಕಾಯುವ ಹೊಣೆಯನ್ನು ಕಚೇರಿ ಹೊರಬೇಕು, ಹೆಣ್ಣುಮಗಳಲ್ಲ.

ಸೋಂಕು ಇಳಿದಿದೆ, ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ 2004ರಿಂದ ಉಚಿತ, 2017ರಿಂದ ಸೋಂಕು ಕಂಡ ಎಲ್ಲರಿಗೂ ಕೊಡುತ್ತಾರೆ, ಇನ್ನೇನು ಎನ್ನುವವರೂ ಇದ್ದಾರೆ. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಅಂದರೆ ಈಗ ಚಿಕಿತ್ಸೆಯೇ ತಡೆ. ಆದರೆ 'ತಪ್ಪದೆ' ಎಂಬುದರ ಹಿಂದೆ ಎಷ್ಟು ಕಷ್ಟವಿದೆ ನೋಡಿ. ಅತ್ತೆಗೆ ತಿಳಿಯದಿರಲೆಂದು ಬಾಟಲಿಯ ಲೇಬಲ್ ಕಿತ್ತು, ಅಲುಗಿದರೆ ಸದ್ದಾಗುತ್ತದೆಂದು ಮಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನ ತಳದಲ್ಲಿಡುವವರಿದ್ದಾರೆ. ಮಾತ್ರೆ ತರುವ ದಿನ ಕೂಲಿ ಹೋಗುತ್ತದೆ, ಬಸ್ ಚಾರ್ಜು ಮೇಲೆ ಬೀಳುತ್ತದೆ. ಗುಳೆ ಹೋದವರು ಗೋವಾದಲ್ಲಿ ಅದೇ ಮಾತ್ರೆ ಪಡೆಯಲು ವರ್ಗಾವಣೆ ಚೀಟಿ ಬೇಕೆಂದು ಹೊರಡುವ ಮೊದಲೇ ಯಾರಾದರೂ ಹೇಳಬೇಕು. ಹೇಳಬಲ್ಲವಳು ಅದೇ ಹಳೆಯ ಪೀರ್. ಸುಗ್ಗಿ ಮುಗಿದು ಯಲಬುರ್ಗಾದ ಕುಟುಂಬಗಳು ಗಂಟುಮೂಟೆ ಕಟ್ಟುವ ವಾರಗಳಲ್ಲಿ ಹಳ್ಳಿಯಲ್ಲೇ ಆಪ್ತ ಸಮಾಲೋಚನೆ ಮಾಡಿ, ಎರಡು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಟ್ಟು, ಚೀಟಿ ಬರೆದುಕೊಡುವ ವ್ಯವಸ್ಥೆ ಆಗಬೇಕು. ಆ ಕೆಲಸ ಮಾಡುವ ಪೀರ್‌ಗಳ ಸಂಬಳವನ್ನು ಜಿಲ್ಲೆಯ ಆರೋಗ್ಯ ಬಜೆಟ್ಟಿನಲ್ಲೇ ಇಡಬೇಕು.