ಇಲ್ಲದವರ ಬದುಕು: ‘ಬೆಟರ್ ಕಾಲ್ ಸಾಲ್’ ಮತ್ತು ಕಥೆ ಬಲ್ಲ ಪ್ರೇಕ್ಷಕರು

ಅಪರಾಧ ಕಥನಕ್ಕೆ ಕುತೂಹಲವೇ ಬಂಡವಾಳ. ಕೊಂದವರು ಯಾರು, ಸಿಕ್ಕಿಬೀಳುವವರು ಯಾರು, ಕೊನೆಗೆ ಉಳಿಯುವವರು ಯಾರು ಎಂಬ ಪ್ರಶ್ನೆಗಳ ಉತ್ತರವನ್ನು ಮುಂದೂಡುತ್ತಲೇ ಅದು ನೋಡುಗರನ್ನು ಹಿಡಿದಿಡುತ್ತದೆ. ಜನಪ್ರಿಯ ಸರಣಿಯೊಂದು ಮುಗಿದ ಮೇಲೆ ಅದರ ಹಿಂದಿನ ಕಾಲವನ್ನು ಹೇಳಲು ಹೊರಡುವ ಪೂರ್ವಕಥನವಾದರೋ ಈ ಬಂಡವಾಳದ ಬಹುಪಾಲನ್ನು ಬಿಟ್ಟುಕೊಟ್ಟೇ ಆರಂಭವಾಗುತ್ತದೆ. ನೋಡುವವರಿಗೆ ಕೊನೆ ಗೊತ್ತಿದೆ. ಹಾಗಾದರೆ ಅವರು ಯಾವುದಕ್ಕಾಗಿ ಕಾಯುತ್ತಾರೆ? ಯಾವುದಕ್ಕೆ ಹೆದರುತ್ತಾರೆ? ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ (2008–2013) ಸರಣಿಯ ಪೂರ್ವಕಥನವಾದ ‘ಬೆಟರ್ ಕಾಲ್ ಸಾಲ್’ (2015–2022) ಪಡೆದ ಪ್ರತಿಸ್ಪಂದನಗಳು ಈ ಪ್ರಶ್ನೆಯನ್ನು ವಿವೇಚಿಸಲು ಒಳ್ಳೆಯ ಸಾಮಗ್ರಿ. ಆ ಪ್ರತಿಸ್ಪಂದನಗಳಲ್ಲಿ ಒಂದು ಓದಿನ ರೂಢಿ ಅಡಗಿದೆ. ಅದು ದೂರದರ್ಶನ ಸರಣಿಗಳಿಗಷ್ಟೇ ಸೀಮಿತವಾದುದಲ್ಲ ಎಂಬುದು ಈ ಲೇಖನದ ವಾದ.

ಕಥಾವಸ್ತುವನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳಬಹುದು. ವಿನ್ಸ್ ಗಿಲಿಗನ್ ರೂಪಿಸಿದ 62 ಕಂತುಗಳ ಮೂಲಸರಣಿಯಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದ ರಸಾಯನಶಾಸ್ತ್ರ ಮೇಷ್ಟ್ರು ವಾಲ್ಟರ್ ವೈಟ್ ಮಾದಕವಸ್ತುವಿನ ತಯಾರಕನಾಗುತ್ತಾನೆ. ಅವನಿಗೆ ಅಡ್ಡದಾರಿಗಳನ್ನು ತೋರಿಸುವ ವಕೀಲ ಸಾಲ್ ಗುಡ್‌ಮನ್. ಬಣ್ಣಬಣ್ಣದ ಸೂಟು, ಟೀವಿ ಜಾಹೀರಾತು, ಎಲ್ಲಕ್ಕೂ ಸಿದ್ಧವಾದ ಚಟಾಕಿ. ಅಲ್ಲಿ ಅವನದು ಹೆಚ್ಚುಕಡಿಮೆ ವಿದೂಷಕನ ಪಾತ್ರ. ಗಿಲಿಗನ್ ಮತ್ತು ಪೀಟರ್ ಗೂಲ್ಡ್ ಸೇರಿ ಕಟ್ಟಿದ 63 ಕಂತುಗಳ ಪೂರ್ವಕಥನ ಈ ವಿದೂಷಕನ ಬೆನ್ನು ಹಿಡಿದು 2002ಕ್ಕೆ ಹೋಗುತ್ತದೆ. ಅಲ್ಲಿ ಅವನ ಹೆಸರು ಜಿಮ್ಮಿ ಮೆಗಿಲ್. ಅವನಿಗೊಬ್ಬ ಅಣ್ಣ ಇದ್ದಾನೆ, ಚಕ್. ಅವನು ಪ್ರೀತಿಸುವ, ಮುಂದೆ ಮದುವೆಯಾಗುವ ವಕೀಲೆ ಇದ್ದಾಳೆ, ಕಿಮ್ ವೆಕ್ಸ್ಲರ್. ಈ ಇಬ್ಬರ ಪ್ರಸ್ತಾಪವೂ ಮೂಲಸರಣಿಯಲ್ಲಿ ಇಲ್ಲ.

ಕೊನೆ ಗೊತ್ತಿರುವ ಕಥೆಯನ್ನು ಆಸ್ವಾದಿಸುವುದು ನಮ್ಮ ಪರಂಪರೆಗೆ ಹೊಸತೇನಲ್ಲ. ಕರ್ಣ ಸಾಯುತ್ತಾನೆಂದು ತಿಳಿದೇ ಜನ ತಾಳಮದ್ದಳೆಗೆ ಬಂದು ಕೂರುತ್ತಾರೆ. ಅರ್ಥಧಾರಿ ಆ ಸಾವಿನವರೆಗೆ ಯಾವ ದಾರಿಯಲ್ಲಿ ಕರೆದೊಯ್ಯುತ್ತಾನೆ ಎಂಬುದರಲ್ಲಿ ಅವರ ಆಸಕ್ತಿ. ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಭಾರತದ ಕೊನೆಯ ಕಾಳಗದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಹಿಂದಿನದೆಲ್ಲವನ್ನೂ ಕಂಡ. ಪೂರ್ವಕಥನವನ್ನೂ ಸಿಂಹಾವಲೋಕನವೆಂದು ಕರೆಯಲು ಅಡ್ಡಿಯಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ರನ್ನನ ಓದುಗರಿಗೆ ಹಿಂದಿನದೂ ಗೊತ್ತು, ಮುಂದಿನದೂ ಗೊತ್ತು. ಪೂರ್ವಕಥನದ ನೋಡುಗರಿಗೆ ಮುಂದಿನದು ಮಾತ್ರ ಗೊತ್ತು; ಅದೂ ಎಲ್ಲರದ್ದಲ್ಲ.

ಈ ಅರಿವಿನಲ್ಲಿ ಮೂರು ಬಗೆಗಳಿವೆ. ಮೊದಲನೆಯದು, ಮೂಲಸರಣಿಯಲ್ಲಿ ಕಾಣಿಸಿಕೊಳ್ಳುವವರದು: ಸಾಲ್, ಮೈಕ್, ಗಸ್ ಫ್ರಿಂಗ್. ಇವರ ಮುಂದಿನ ಗತಿ ನಮಗೆ ತಿಳಿದಿರುವುದರಿಂದಲೇ ಪೂರ್ವಕಥನದ ಯಾವ ಗುಂಡೂ ಇವರನ್ನು ಕೊಲ್ಲಲಾರದು. ಎರಡನೆಯದು, ಅಲ್ಲಿ ಹೆಸರಷ್ಟೇ ಕೇಳಿಬಂದವರದು. 2009ರಲ್ಲಿ ಪ್ರಸಾರವಾದ, ಸಾಲ್‌ನನ್ನು ಪರಿಚಯಿಸಿದ ಕಂತಿನಲ್ಲಿ ಮುಸುಕು ಹಾಕಿದವರು ಅವನನ್ನು ಮರುಭೂಮಿಗೆ ಎಳೆದೊಯ್ದು, ತೋಡಿಟ್ಟ ಗುಂಡಿಯ ಮುಂದೆ ಮಂಡಿಯೂರಿಸುತ್ತಾರೆ. ಅವನು ತಪ್ಪನ್ನು ಇಗ್ನಾಸಿಯೊ ಎಂಬವನ ತಲೆಗೆ ಕಟ್ಟಿ, ಇವರನ್ನು ಕಳಿಸಿದವನು ಲಾಲೊ ಅಲ್ಲವೆಂದು ತಿಳಿದು ನಿಟ್ಟುಸಿರು ಬಿಡುತ್ತಾನೆ. ಕ್ಷಣಮಾತ್ರದ ಆ ಎರಡು ಹೆಸರುಗಳಿಂದ ಪೂರ್ವಕಥನವು ಎರಡು ಪೂರ್ಣಪ್ರಮಾಣದ ಪಾತ್ರಗಳನ್ನು ಬೆಳೆಸಿತು. ಮೂರನೆಯದು, ಹೆಸರೂ ಇಲ್ಲದವರದು: ಕಿಮ್, ಚಕ್, ಹವರ್ಡ್ ಹ್ಯಾಮ್ಲಿನ್. ಪ್ರೇಕ್ಷಕರ ಪ್ರತಿಸ್ಪಂದನ ಅತ್ಯಂತ ತೀವ್ರವಾದುದು ಈ ಮೂರನೆಯ ಬಗೆಯಲ್ಲಿ.

ಆರಂಭದ ಪ್ರತಿಸ್ಪಂದನ ಅಸಹನೆಯದು. 2015ರ ಫೆಬ್ರವರಿಯಲ್ಲಿ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 69 ಲಕ್ಷ ಜನ ನೋಡಿದರು. ಮುಂದೆ ಆ ಸಂಖ್ಯೆ ಇಳಿಯಿತು. ಬಂದವರಲ್ಲಿ ಬಹಳ ಮಂದಿ ಸಾಲ್ ಗುಡ್‌ಮನ್‌ನನ್ನು ನೋಡಲು ಬಂದವರು. ಆದರೆ ಜಿಮ್ಮಿ ಆ ಹೆಸರಿನಲ್ಲಿ ವಕೀಲಿ ಮಾಡಲು ನಿರ್ಧರಿಸುವುದು ನಾಲ್ಕನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ. ‘ಇವನು ಸಾಲ್ ಆಗುವುದು ಯಾವಾಗ?’ ಎಂಬ ದೂರು ಕ್ರಮೇಣ ‘ಇವನು ಸಾಲ್ ಆಗದಿರಲಿ’ ಎಂಬ ಹಾರೈಕೆಯಾಗಿ ಮಾರ್ಪಟ್ಟದ್ದು ಈ ಸರಣಿಯ ಸ್ವೀಕಾರದ ಮುಖ್ಯ ಘಟನೆ. ನಿಧಾನಗತಿಯನ್ನು ದೋಷವೆಂದವರೇ ಮುಂದೆ ಅದನ್ನು ಸಾವಕಾಶವೆಂದು ಕಂಡರು. ನಗಲು ಬಂದವರಿಗೆ, ತಾವು ನಕ್ಕದ್ದು ಒಬ್ಬನ ಪತನದ ಕೊನೆಯ ಹಂತಕ್ಕೆ ಎಂಬುದು ತಡವಾಗಿ ತಿಳಿಯಿತು.

ಚಕ್‌ನ ವಿಷಯದಲ್ಲಿ ಪ್ರೇಕ್ಷಕರ ಅರಿವು ಇನ್ನೂ ವಿಚಿತ್ರವಾಗಿ ವರ್ತಿಸಿತು. ಜಿಮ್ಮಿಯ ಕೈಗೆ ಕಾನೂನು ಸಿಕ್ಕರೆ ಅನಾಹುತವೆಂದು ಅಣ್ಣ ಹೇಳುತ್ತಾನೆ. ಅವನ ಮಾತು ನಿಜವಾಗುತ್ತದೆಂದು ಮೂಲಸರಣಿ ನೋಡಿದ ಪ್ರತಿಯೊಬ್ಬರಿಗೂ ಗೊತ್ತು. ಹೀಗಿದ್ದೂ ಪ್ರೇಕ್ಷಕರು ದ್ವೇಷಿಸಿದ್ದು ಚಕ್‌ನನ್ನೇ. 2017ರ ಪ್ರಸಿದ್ಧ ವಿಚಾರಣೆಯ ಕಂತಿನಲ್ಲಿ, ತಮ್ಮ ದಾಖಲೆಯೊಂದರ ಅಂಕಿಗಳನ್ನು ಅದಲುಬದಲು ಮಾಡಿದನೆಂದು ಚಕ್ ಕೂಗಾಡಿ ತನ್ನ ಮಾನವನ್ನು ತಾನೇ ಕಳೆದುಕೊಳ್ಳುತ್ತಾನೆ. ಆರೋಪ ಸತ್ಯ, ಆದರೆ ಸತ್ಯ ಹೇಳಿದವನು ಸೋತುದಕ್ಕೆ ಮೊದಲ ನೋಟದಲ್ಲಿ ಸಂತೋಷಪಟ್ಟವರು ಅನೇಕರು. ಎರಡನೆಯ ನೋಟದಲ್ಲಿ ಅದೇ ಜನ ಅಳುಕಿದರು. ನಂಬಿದ್ದರೆ ಜಿಮ್ಮಿ ಹಾಗಾಗುತ್ತಿರಲಿಲ್ಲವೇನೋ ಎಂಬ ಅನುಮಾನ ಚಕ್‌ನ ಸತ್ಯವನ್ನು ಸುಳ್ಳು ಮಾಡುವುದಿಲ್ಲ, ಸಂಕೀರ್ಣಗೊಳಿಸುತ್ತದೆ. ಕೊನೆ ತಿಳಿದಿರುವುದು ನ್ಯಾಯ ತಿಳಿದಿರುವುದಕ್ಕೆ ಸಮವಲ್ಲವೆಂದು ಪ್ರೇಕ್ಷಕರು ಕಲಿತದ್ದು ಇಲ್ಲಿ.

ಇನ್ನು ಕಿಮ್. ಮೂಲಸರಣಿಯಲ್ಲಿ ಅವಳ ಸುಳಿವೇ ಇಲ್ಲದಿರುವುದರಿಂದ ಅವಳು ಸಾಯಲೇಬೇಕೆಂಬ ಭಯ ಆರು ಸೀಸನ್ನುಗಳ ಉದ್ದಕ್ಕೂ ಪ್ರೇಕ್ಷಕರನ್ನು ಕಾಡಿತು. ಅವಳು ಕಾರು ಓಡಿಸಿದರೆ ಅಪಘಾತದ ಶಂಕೆ. ಬಾಗಿಲು ತಟ್ಟಿದ ಶಬ್ದಕ್ಕೆ ಕೊಲೆಗಾರನ ಶಂಕೆ. ರೇ ಸೀಹಾರ್ನ್ ಅವರ ಸಂಯಮದ ಅಭಿನಯ ಈ ಭಯವನ್ನು ಇನ್ನಷ್ಟು ಹರಿತಗೊಳಿಸಿತು. ಮೂಲಸರಣಿಯನ್ನು ನೋಡಿರದ ಗೆಳತಿಯೊಬ್ಬಳ ಜೊತೆ ನಾನು ಈ ಪೂರ್ವಕಥನವನ್ನು ಎರಡನೆಯ ಸಲ ನೋಡಿದೆ. ನಾನು ಉಸಿರು ಬಿಗಿಹಿಡಿದ ದೃಶ್ಯಗಳಲ್ಲಿ ಅವಳು ನಿರಾಳವಾಗಿದ್ದಳು. ಕಿಮ್ ಮತ್ತು ಜಿಮ್ಮಿ ಸೇರಿ ಹವರ್ಡ್‌ನ ಹೆಸರು ಕೆಡಿಸಲು ಸಂಚು ಹೂಡುವಾಗ ಮಾತ್ರ, ‘ಇವಳು ಹೀಗೆ ಮಾಡಬಾರದಿತ್ತು’ ಎಂದು ಎದ್ದು ಹೋದಳು. ಕಿಮ್ ಬದುಕುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದ ನನಗೆ, ಅವಳು ಹೇಗೆ ಬದುಕುತ್ತಿದ್ದಾಳೆ ಎಂಬುದು ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಕಥೆ ಬಲ್ಲವಳೆಂಬ ನನ್ನ ಹೆಮ್ಮೆ ಒಂದು ಬಗೆಯ ಕುರುಡೂ ಆಗಿತ್ತು.

ಇಲ್ಲಿ ಮೂಲಸರಣಿಯ ಪ್ರೇಕ್ಷಕ ಇತಿಹಾಸವನ್ನು ಮರೆಯಬಾರದು. ವಾಲ್ಟರ್‌ನ ಹೆಂಡತಿ ಸ್ಕೈಲರ್ ಗಂಡನ ದಾರಿಗೆ ಅಡ್ಡಬಂದಳೆಂಬ ಕಾರಣಕ್ಕೆ ವೀಕ್ಷಕರ ಒಂದು ದೊಡ್ಡ ವರ್ಗ ಅವಳನ್ನು ದ್ವೇಷಿಸಿತು. ಆ ಪಾತ್ರ ವಹಿಸಿದ ಆನ್ನಾ ಗನ್, ದ್ವೇಷವು ಪಾತ್ರವನ್ನು ದಾಟಿ ತಮ್ಮವರೆಗೂ ಬಂದ ಬಗೆಯನ್ನು 2013ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. ಎರಡೇ ವರ್ಷಗಳ ನಂತರ ಬಂದ ಕಿಮ್‌ಗೆ ದೊರೆತ ಪ್ರೀತಿಯನ್ನು ನೋಡುಗರ ಪ್ರಗತಿಯೆಂದು ಹೊಗಳುವುದು ಸುಲಭ. ನನಗೆ ಆ ಬಗ್ಗೆ ಸಂದೇಹವಿದೆ. ಸ್ಕೈಲರ್ ನಾಯಕನನ್ನು ತಡೆದವಳು. ಕಿಮ್ ಬಹುಕಾಲ ಅವನ ಜೊತೆಗೂಡಿದವಳು. ಜೊತೆಗೆ, ಸಾಯುವವಳೆಂದು ಮೊದಲೇ ನಂಬಿದ್ದರಿಂದ ಪ್ರೇಕ್ಷಕರು ಅವಳನ್ನು ಮುಂಗಡವಾಗಿಯೇ ಶೋಕಿಸಿದರು. ಶೋಕಿಸುತ್ತಿರುವವರ ತಪ್ಪುಗಳನ್ನು ನಾವು ಎಣಿಸುವುದಿಲ್ಲ.

ಸರಣಿ ಈ ಶೋಕವನ್ನು ಒಪ್ಪಲಿಲ್ಲ. 2022ರ ಕೊನೆಯ ಕಂತುಗಳಲ್ಲಿ ಸತ್ತದ್ದು ಹವರ್ಡ್. ಆ ಸಾವಿಗೆ ತಾನೂ ಕಾರಣಳೆಂದು ಅರಿತ ಕಿಮ್ ವಕೀಲಿ ಬಿಡುತ್ತಾಳೆ, ಜಿಮ್ಮಿಯನ್ನೂ ಬಿಡುತ್ತಾಳೆ. ವರ್ಷಗಳ ನಂತರ ನಮಗೆ ಅವಳು ಸಿಗುವುದು ಫ್ಲಾರಿಡಾದಲ್ಲಿ, ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳ ಕಂಪನಿಯೊಂದರ ಸಾಮಾನ್ಯ ನೌಕರಿಯಲ್ಲಿ. ಊಟದ ಬಿಡುವು, ಹುಟ್ಟುಹಬ್ಬದ ಕೇಕು, ರುಚಿಯಿಲ್ಲದ ಮಾತುಕತೆ. ‘ಬ್ರೇಕಿಂಗ್ ಬ್ಯಾಡ್’ನ ರಕ್ತಪಾತ ನಡೆಯುತ್ತಿದ್ದಾಗ ಅವಳು ಎಲ್ಲಿಯೋ ಇದ್ದಳು, ಆ ಕಥೆ ಅವಳತ್ತ ನೋಡಿರಲಿಲ್ಲ, ಅಷ್ಟೆ. ಮುಂದೆ ಅವಳು ಆಲ್ಬುಕರ್ಕಿಗೆ ಬಂದು, ನಡೆದುದನ್ನೆಲ್ಲ ಲಿಖಿತವಾಗಿ ಒಪ್ಪಿಕೊಂಡು, ಆ ಹೇಳಿಕೆಯನ್ನು ಹವರ್ಡ್‌ನ ಹೆಂಡತಿಯ ಮುಂದಿಡುತ್ತಾಳೆ. ಏಳೂವರೆ ವರ್ಷದ ಶಿಕ್ಷೆಗೆ ಚೌಕಾಸಿ ಮುಗಿಸಿದ್ದ ಸಾಲ್ ನ್ಯಾಯಾಲಯದಲ್ಲಿ ಸತ್ಯ ನುಡಿದು 86 ವರ್ಷದ ಶಿಕ್ಷೆ ಪಡೆಯುವುದು, ತನ್ನ ಹಳೆಯ ಹೆಸರನ್ನು ಮರಳಿ ಕೇಳುವುದು, ಆ ನಂತರ. ಮೂಲದಲ್ಲಿ ಹೆಸರೇ ಇಲ್ಲದವಳು ಮೂಲದ ವಿದೂಷಕನಿಗೆ ಅವನ ಹೆಸರನ್ನು ಹಿಂದಿರುಗಿಸುತ್ತಾಳೆ. ಮುಕ್ತಾಯವನ್ನು ಮೆಚ್ಚಿದವರ ಮೆಚ್ಚುಗೆಗೆ ಮೂಲವಾದ ಕಾರಣ ಇದೇ ಎಂದು ನನ್ನ ಅನಿಸಿಕೆ.

ಇಷ್ಟಾಗಿಯೂ ಈ ಉದಾರತೆ ಎಲ್ಲರಿಗೂ ಸಮನಾಗಿ ಸಿಗಲಿಲ್ಲವೆಂಬುದನ್ನು ಹೇಳಲೇಬೇಕು. ವಾಲ್ಟರ್ ಮತ್ತು ಜೆಸ್ಸಿ ಕೊನೆಯ ಸೀಸನ್ನಿನಲ್ಲಿ ಮರಳಿ ಕಾಣಿಸಿಕೊಂಡಾಗ ನಟರ ವಯಸ್ಸು ಪಾತ್ರದ ವಯಸ್ಸನ್ನು ಮೀರಿತ್ತೆಂಬ ಟೀಕೆ ಬಂತು. ಅದು ಸಣ್ಣ ಮಾತು. ದೊಡ್ಡ ಮಾತು ಇಗ್ನಾಸಿಯೊನದು, ಅಂದರೆ ನಾಚೊ ವರ್ಗಾನದು. ಮೂಲದಲ್ಲಿ ತಪ್ಪು ಹೊರಿಸಲು ಬಳಕೆಯಾದ ಹೆಸರಿಗೆ ಇಲ್ಲಿ ಒಂದು ದೇಹ ಬಂತು. ಕುರ್ಚಿ, ಸೋಫಾಗಳಿಗೆ ಹೊದಿಕೆ ಹಾಕುವ ಅಂಗಡಿಯಲ್ಲಿ ದುಡಿದು ಉಣ್ಣುವ ಪ್ರಾಮಾಣಿಕ ತಂದೆಯೂ ಬಂದ. ಆದರೆ ಮೂಲದ ಮೌನಕ್ಕೆ ಕಿಮ್‌ಳ ವಿಷಯದಲ್ಲಿ ಬದುಕು ಉತ್ತರವಾದರೆ, ನಾಚೊನ ವಿಷಯದಲ್ಲಿ ಸಾವೇ ಉತ್ತರವಾಯಿತು. ತಂದೆಯನ್ನು ಉಳಿಸಲು ಅವನು ತನಗೆ ತಾನೇ ಗುಂಡು ಹೊಡೆದುಕೊಳ್ಳುವ ದೃಶ್ಯವನ್ನು ಪ್ರೇಕ್ಷಕರು ವೀರಮರಣವೆಂದು ಕೊಂಡಾಡಿದರು. ಮಗನ ಸಾವಿಗೆ ನ್ಯಾಯ ದೊರಕುತ್ತದೆಂದು ಮೈಕ್ ಭರವಸೆ ಕೊಟ್ಟಾಗ, ಅದು ನ್ಯಾಯವಲ್ಲ, ಬರಿಯ ಸೇಡು ಎಂದು ತಿರಸ್ಕರಿಸುವ ತಂದೆಯ ಮಾತು ಆ ಕೊಂಡಾಟಕ್ಕೂ ಸಲ್ಲುವ ಉತ್ತರ.

ಭಾಷೆಯ ಬಗೆಗಿನ ಪ್ರತಿಸ್ಪಂದನವೂ ಇದಕ್ಕೆ ಹೊಂದಿಕೊಂಡೇ ಇದೆ. ಚಿಲಿ ದೇಶದವನೆಂದು ಹೇಳಲಾದ ಗಸ್ ಫ್ರಿಂಗ್‌ನ ಸ್ಪ್ಯಾನಿಷ್ ಚಿಲಿಯದ್ದಾಗಿ ಕೇಳಿಸುವುದಿಲ್ಲವೆಂದು ಸ್ಪ್ಯಾನಿಷ್ ಬಲ್ಲ ನೋಡುಗರು ಮೂಲಸರಣಿಯ ಕಾಲದಿಂದಲೂ ದೂರಿದ್ದರು. ಇಂಗ್ಲಿಷಿನಲ್ಲಷ್ಟೇ ನೋಡಿದವರಿಗೆ ಅದು ಕೇಳಿಸಲೇ ಇಲ್ಲ. ಪೂರ್ವಕಥನದಲ್ಲಿ ಲಾಲೊ ಆಗಿ ಬಂದ ಟೋನಿ ಡಾಲ್ಟನ್ ಟೆಕ್ಸಾಸ್‌ನ ಲರೇಡೊದಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನಟರಾಗಿ ಹೆಸರು ಮಾಡಿದವರು. ಎರಡೂ ಭಾಷೆಗಳಲ್ಲಿ ಅವರದು ಸರಾಗ ನಾಲಗೆ. ಲಾಲೊನ ಮೋಡಿಯ ಅರ್ಧಪಾಲು ಅದರದೇ. ಆದರೂ ಎರಡು ಭಾಷೆಗಳಲ್ಲಿ ಬಾಳುವ ಗಡಿನಾಡೊಂದರ ಒಂದು ಭಾಷೆ ಸರಣಿಯಲ್ಲಿ ಹೆಚ್ಚಾಗಿ ಪಾತಕಿಗಳ ಬಾಯಲ್ಲೇ ಉಳಿಯಿತು. ಎರಡೂ ಕಿವಿ ತೆರೆದವರಿಗೆ ಮಾತ್ರ ತಿಳಿಯುವ ಕೊರತೆ ಇದು.

ಎರಡು ಭಾಷೆಗಳ ನಡುವೆ ಓದುವ, ಬರೆಯುವ ನಾವು ಈ ಸ್ವೀಕಾರದ ಕಥೆಯಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಕನ್ನಡದ ‘ಮೂಲಕಥೆ’ ಒಂದು ರಾಜ್ಯದ ಕಥೆಯಾಗಿ ಬರೆಯಲ್ಪಟ್ಟಿತು. ಅದರಲ್ಲಿ ಕಾಸರಗೋಡಿನಂಥ ಕೆಲವು ಊರುಗಳು ಹೆಸರಾಗಿ ಬರುತ್ತವೆ. ತಾಳವಾಡಿ, ಜತ್ತ, ಮಡಕಶಿರಾಗಳು ಬರುವುದು ಇನ್ನೂ ಅಪರೂಪ. ಗಡಿಯಾಚೆಯ ಕನ್ನಡದ ಬಗ್ಗೆ ಬರೆಯುವಾಗ ನಾವೇ ಬಳಸುವ ಕ್ರಿಯಾಪದಗಳನ್ನು ಗಮನಿಸಿ: ನಶಿಸುತ್ತಿದೆ, ಅಳಿಯುತ್ತಿದೆ, ಕೊನೆಯುಸಿರೆಳೆಯುತ್ತಿದೆ. ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಪಠ್ಯದಲ್ಲಿ ಇಲ್ಲದಿರುವುದನ್ನೇ ಸಾವಿನ ಪುರಾವೆಯೆಂದು ಓದುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಕಿಮ್‌ಗಾಗಿ ಮುಂಗಡವಾಗಿ ಅತ್ತ ಪ್ರೇಕ್ಷಕರಂತೆ ನಾವೂ ಬದುಕಿರುವವರ ಮುಂದೆ ನಿಂತು ಚರಮಗೀತೆ ಬರೆಯುತ್ತೇವೆ. ಹಾಗೆ ಬರೆಯುವಾಗ ಅವರ ದಿನನಿತ್ಯದ ಮಾತು, ರಾಜಿ, ತಪ್ಪು, ಆಯ್ಕೆಗಳು ಕಾಣದೆ ಹೋಗುತ್ತವೆ.

53 ಎಮ್ಮಿ ನಾಮನಿರ್ದೇಶನಗಳನ್ನು ಪಡೆದು ಒಂದನ್ನೂ ಗೆಲ್ಲದೆ ಮುಗಿದ ಈ ಸರಣಿಯ ಯೋಗ್ಯತೆಯನ್ನು ಅದರ ನೋಡುಗರು ಬೇರೆ ತಕ್ಕಡಿಯಲ್ಲಿ ತೂಗಿದ್ದಾರೆ. ಅವರಿಗೆ ಅದು ಕಲಿಸಿದ ಪಾಠ ಸರಳವಾದುದು: ಒಂದು ಕಥೆ ಯಾರ ಹೆಸರನ್ನು ಹೇಳುವುದಿಲ್ಲವೋ ಅವರು ಆ ಹೊತ್ತಿಗೆ ಬೇರೆಲ್ಲಿಯೋ ಕೆಲಸಕ್ಕೆ ಹೋಗುತ್ತಿರಬಹುದು. ಅವರನ್ನು ಹುಡುಕಿಕೊಂಡು ಹೋಗುವುದು ಪೂರ್ವಕಥನಕ್ಕೆ ಸಾಧ್ಯವಾಯಿತು. ನಮ್ಮ ಸಾಹಿತ್ಯ ಚರಿತ್ರೆಗೂ ಅದು ಸಾಧ್ಯವಾಗಬೇಕು.