ಖಾರ ಬನ್ ಎಂಬ ರೂಪಾಂತರ

ತಿಂಡಿಯ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಎರಡೇ ದಾರಿ ಹಿಡಿಯುತ್ತೇವೆ. ಒಂದು, ಅಜ್ಜಿಯ ಅಡುಗೆಮನೆಯ ನೆನಪು. ಇನ್ನೊಂದು, ಯಾವ ಊರಿನ ಯಾವ ಹೋಟೆಲಿನಲ್ಲಿ ಏನು ಚೆನ್ನಾಗಿ ಸಿಗುತ್ತದೆ ಎಂಬ ಪಟ್ಟಿ. ಮೊದಲನೆಯದರಲ್ಲಿ ಎಲ್ಲವೂ ಅಮೃತ, ಎರಡನೆಯದರಲ್ಲಿ ಎಲ್ಲವೂ ‘ಸೂಪರ್’. ತಿಂದದ್ದನ್ನು ಒಂದು ಕೃತಿಯ ಹಾಗೆ ಎದುರಿಗಿಟ್ಟುಕೊಂಡು, ಇದು ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂದು ಕೇಳುವ ರೂಢಿ ಕಡಿಮೆ. ಬೇಕರಿ ತಿಂಡಿಗಂತೂ ಈ ಎರಡು ದಾರಿಯಲ್ಲೂ ಜಾಗವಿಲ್ಲ. ಅದು ಅಜ್ಜಿಯದೂ ಅಲ್ಲ, ಹೆಸರಾಂತ ಹೋಟೆಲಿನದೂ ಅಲ್ಲ. ಬಸ್ಸಿಗೆ ಕಾಯುವಾಗ ತಿಂದು, ಕಾಗದವನ್ನು ಮುದುರಿ ಎಸೆದು, ಮರೆತುಬಿಡುವ ವಸ್ತು.

ಆ ಮರೆವಿನ ವಿರುದ್ಧ ಒಂದಿಷ್ಟು ಹೇಳಬೇಕೆನಿಸಿದ್ದು ಬೆಟ್ಟದಪುರದಲ್ಲಿ. ಪಿರಿಯಾಪಟ್ಟಣ ತಾಲೂಕಿನ ಈ ಊರು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿದೆ. ಸುತ್ತ ರಾಗಿ, ಹೊಗೆಸೊಪ್ಪಿನ ಹೊಲಗಳು. ಒಂದು ವಾರ ಇಲ್ಲಿನ ಮೂರು ಬೇಕರಿ ಮತ್ತು ಒಂದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು ನೋಡಿದೆ. ಅಂಗಡಿಗಳ ಹೆಸರು ಇಲ್ಲಿ ಬೇಡ. ನನ್ನ ತಕರಾರು ಇರುವುದು ತಿಂಡಿಯ ಜೊತೆಗೆ, ಮಾಡುವವರ ಜೊತೆಗಲ್ಲ.

ಮೊದಲು ಖಾರ ಬನ್. ಸಂಜೆ ನಾಲ್ಕರ ಹೊತ್ತಿಗೆ ತಟ್ಟೆ ಹೊರಗೆ ಬರುತ್ತದೆ. ‘ಬಿಸಿ ಇದೆಯೇನಣ್ಣ?’ ಎಂದರೆ, ‘ಈಗ್ ತಾನೆ ತಗ್ದಿದ್ದು ಸಾರ್, ಕೈ ಸುಡುತ್ತೆ, ನಿಧಾನ’ ಎಂಬ ಉತ್ತರ. ಮುರಿದು ನೋಡಿದರೆ ಒಳಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕರಿಬೇವು. ಒಂದು ಅಂಗಡಿಯಲ್ಲಿ ಸಬ್ಬಸಿಗೆಯೂ ಇತ್ತು. ಈ ಸಾಮಾನಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದು ನಮ್ಮ ಅಕ್ಕಿರೊಟ್ಟಿಯ ಪಟ್ಟಿ. ಹಿಟ್ಟು ಮಾತ್ರ ಬೇರೆ, ಬೆಂಕಿ ಬೇರೆ. ಕಾವಲಿಯ ಮೇಲೆ ತಟ್ಟುವುದನ್ನು ಯಾರೋ ಯೀಸ್ಟ್ ಹಾಕಿ ಉಬ್ಬಿದ ಮೈದಾದೊಳಗೆ ಕೂರಿಸಿ ಭಟ್ಟಿಗೆ ತಳ್ಳಿದ್ದಾರೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಕಸುಬಲ್ಲ. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದಾಗ ಏಜಾಕ್ಸನ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ಗ್ರೀಕ್ ರುದ್ರನಾಟಕದ ಕಟ್ಟು, ಒಳಗೆ ಮಹಾಭಾರತದ ಸಂಕಟ. ‘ಅಶ್ವತ್ಥಾಮನ್’ ಅನುವಾದವಲ್ಲ, ರೂಪಾಂತರ. ಖಾರ ಬನ್ನೂ ಹಾಗೆಯೇ. ಅದನ್ನು ಕೆಟ್ಟ ಬ್ರೆಡ್ಡೆಂದೋ ಬಡವರ ಸ್ಯಾಂಡ್‌ವಿಚ್ಚೆಂದೋ ನೋಡಿದರೆ ತಪ್ಪು ಅಳತೆಗೋಲು ಹಿಡಿದಂತೆ. ಮೂಲಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಂದವರು ತಮ್ಮದೇನನ್ನು ಅದರೊಳಗೆ ಇಟ್ಟರು, ಇಟ್ಟದ್ದು ಅಲ್ಲಿ ಬದುಕಿತೇ ಎಂಬುದು ಪ್ರಶ್ನೆ.

ಈ ಅಳತೆಯಲ್ಲಿ ದಿಲ್‌ಪಸಂದ್ ಅರ್ಧ ಗೆದ್ದ ಕೃತಿ. ಗೋಧಿ ಕುಲದ ಹೊದಿಕೆಯೊಳಗೆ ಸಿಹಿ ತೆಂಗಿನ ಹೂರಣ. ಅಂದರೆ ಕಾಯಿ ಹೋಳಿಗೆಯ ಭಟ್ಟಿ ಅವತಾರ. ಕಲ್ಪನೆ ಬಲು ಜಾಣ. ಆದರೆ ದಾಟುವಾಗ ಬೆಲ್ಲವನ್ನು ಕೈಬಿಟ್ಟಿದ್ದಾರೆ. ಬೆಲ್ಲಕ್ಕೆ ಸಿಹಿಯ ಜೊತೆಗೆ ಒಂದು ಕಪ್ಪು ಆಳವಿದೆ, ಮಣ್ಣಿನ ವಾಸನೆಯಿದೆ. ಸಕ್ಕರೆಗೆ ಸಿಹಿ ಬಿಟ್ಟು ಹೇಳುವುದಕ್ಕೇನಿಲ್ಲ. ಆ ಕೊರತೆಯನ್ನು ತುಂಬಲು ಟೂಟಿ ಫ್ರೂಟಿಯ ಕೆಂಪು, ಹಸಿರು ಚೂರುಗಳು ಬಂದಿವೆ. ಹಣ್ಣಿನ ವೇಷ ತೊಟ್ಟು, ಸಕ್ಕರೆ ಪಾಕದಲ್ಲಿ ಮುಳುಗೆದ್ದ ಪರಂಗಿಕಾಯಿ. ಹನಿ ಕೇಕಿನದು ಇನ್ನೂ ತಮಾಷೆ. ಹೆಸರಿನಲ್ಲಿ ಜೇನಿದೆ, ಬಾಯಲ್ಲಿ ಸಕ್ಕರೆ ಪಾಕ, ಜ್ಯಾಮು, ಕೊಬ್ಬರಿ ತುರಿ. ಆದರೂ ಅದರ ಒದ್ದೆತನಕ್ಕೆ ಮಕ್ಕಳು ಸೋಲುವುದನ್ನು ನೋಡಿದರೆ, ಸುಳ್ಳು ಹೆಸರಿನ ಕೃತಿಗೂ ನಿಜವಾದ ಓದುಗರಿರುತ್ತಾರೆ ಎಂದು ಒಪ್ಪಲೇಬೇಕು.

ಪಫ್ಸ್ ನನಗೆ ಸೋತಂತೆ ಕಂಡಿತು. ಹಿಟ್ಟಿನ ಪದರಗಳ ನಡುವೆ ಜಿಡ್ಡಿನ ಪದರ ಇಟ್ಟು ಮಡಚಿ ಮಡಚಿ ಲಟ್ಟಿಸಬೇಕು. ಭಟ್ಟಿಯಲ್ಲಿ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ನಮ್ಮ ಸೆಕೆಗೆ ಬೆಣ್ಣೆ ಕರಗುತ್ತದೆ, ಬೆಲೆಯೂ ಹೆಚ್ಚು, ಹಾಗಾಗಿ ವನಸ್ಪತಿ. ಅದು ಬಾಯಿಯ ಬಿಸಿಗೆ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ತಿನ್ನುವ ಎಣ್ಣೆ, ಕೊಬ್ಬಿನ ಪದಾರ್ಥಗಳಲ್ಲಿ ಟ್ರಾನ್ಸ್ ಫ್ಯಾಟ್ 2 ಶೇಕಡ ಮೀರಬಾರದೆಂಬ ನಿಯಮ 2022ರಿಂದ ದೇಶದಲ್ಲಿ ಜಾರಿಯಲ್ಲಿದೆ. ಆದರೆ ಅಂಗುಳದ ಮೇಣಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ‘ರಾಗಿ ಬಿಸ್ಕತ್ತು’ ಕೂಡ ಇದೇ ಸಾಲಿನದು. ರಾಗಿಯಲ್ಲಿ ಹಿಟ್ಟನ್ನು ಹಿಡಿದೆತ್ತುವ ಗ್ಲುಟೆನ್ ಇಲ್ಲ, ಹಾಗಾಗಿ ಮೈದಾದ ಊರುಗೋಲು ಬೇಕು ಎನ್ನುವುದು ಸರಿಯೇ. ಆದರೆ ನಾನು ತಿಂದದ್ದರಲ್ಲಿ ರಾಗಿ ಬರೀ ಬಣ್ಣವಾಗಿತ್ತು. ಮುದ್ದೆ ಉಂಡು ಬೆಳೆದ ಸೀಮೆಗೆ ರಾಗಿಯನ್ನು ಪ್ಯಾಕೆಟ್ಟಿನಲ್ಲಿ ಹಾಕಿ ಆರೋಗ್ಯವೆಂದು ಮಾರುವುದು ಸ್ವಲ್ಪ ನಾಚಿಕೆಯ ವಿಷಯ.

ರೂಪಾಂತರವೇ ಒಳ್ಳೆಯದು, ನಿಷ್ಠೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಇದೇ ತಾಲೂಕಿನ ಬೈಲುಕುಪ್ಪೆಗೆ ಹೋಗಿ. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಟಿಬೆಟನ್ನರು ‘ಬಾಲೆಪ್’ ಎಂಬ ದುಂಡು ರೊಟ್ಟಿ ಮಾಡುತ್ತಾರೆ. ನಾನು ತಿಂದದ್ದರಲ್ಲಿ ಈರುಳ್ಳಿಯಿಲ್ಲ, ಮೆಣಸಿನಕಾಯಿಯಿಲ್ಲ. ನಮ್ಮ ನಾಲಿಗೆಗೆ ಅದು ಸಪ್ಪೆ. ದೇಶ ಕಳೆದುಕೊಂಡವರಿಗೆ ರೊಟ್ಟಿಯನ್ನು ಇದ್ದಂತೆಯೇ ಉಳಿಸಿಕೊಳ್ಳುವ ತುರ್ತಿದೆ. ನೆಲ ತಮ್ಮದೇ ಆಗಿರುವವರಿಗೆ ಹೊರಗಿನದನ್ನು ಒಗ್ಗಿಸಿಕೊಳ್ಳುವ ಸಲೀಸಿದೆ. ಎರಡೂ ಪ್ರಾಮಾಣಿಕ. ಯಾರದೂ ಅಲ್ಲದ, ಎಲ್ಲೂ ಸಲ್ಲುವ ರುಚಿ ಮಾತ್ರ ಅಪ್ರಾಮಾಣಿಕ.

ಇನ್ನು ಬೋರ್ಡಿನ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಬೇಕರಿಯೆಂದರೆ ‘ಅಯ್ಯಂಗಾರ್ ಬೇಕರಿ’. ಈ ಪರಂಪರೆಯ ಮೊದಲ ಅಂಗಡಿಯೆಂದು ಹೇಳಲಾಗುವ ಬಿ.ಬಿ. ಬೇಕರಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದದ್ದು 1898ರಲ್ಲಿ, ಹಾಸನ ಸೀಮೆಯಿಂದ ಹೋದವರಿಂದ. ಮೊಟ್ಟೆಯಿಲ್ಲ ಎಂಬ ಭರವಸೆಗೆ ಒಂದು ಜಾತಿಯ ಹೆಸರು ಮುದ್ರೆಯಾಯಿತು. ಇಂದು ಆ ಹೆಸರು ಹೊತ್ತ ಅಂಗಡಿಗಳನ್ನೆಲ್ಲ ಅಯ್ಯಂಗಾರರೇ ನಡೆಸುತ್ತಿಲ್ಲ. ಬೋರ್ಡು ಮಾತ್ರ ಉಳಿದಿದೆ. ಮಡಿಯನ್ನು ಹೀಗೆ ಮಾರಾಟದ ಮಾತಾಗಿಸಿದ್ದರ ಬಗ್ಗೆ ನನಗೆ ಕಿರಿಕಿರಿಯಿದೆ. ಆದರೆ ಬೋರ್ಡು ಹೇಳುವುದನ್ನು ಕೌಂಟರು ಪಾಲಿಸುವುದಿಲ್ಲ ಎಂಬುದೇ ಬೇಕರಿಯ ದೊಡ್ಡಸ್ತಿಕೆ. ಕರ್ನಾಟಕದ ಎಷ್ಟೋ ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಇತಿಹಾಸ ನಮಗೆ ಗೊತ್ತಿದೆ. ಬೇಕರಿಯ ಬನ್ನು ಕೈಗೆ ಬರುವುದು ಹಳೇ ಪೇಪರಿನ ಚೂರಿನಲ್ಲಿ. ತೊಳೆಯುವ ತಟ್ಟೆಯಿಲ್ಲ, ಹಾಗಾಗಿ ಬೇರೆ ಇಡುವ ತಟ್ಟೆಯೂ ಇಲ್ಲ. ಒಳಗೆ ಕರೆದು ಕೂರಿಸುವ ಪ್ರಶ್ನೆಯಿಲ್ಲ. ಎಲ್ಲರೂ ನಿಂತೇ ತಿನ್ನುವವರು. ಇದನ್ನು ಯಾರೂ ಸಮಾನತೆಗಾಗಿ ರೂಪಿಸಲಿಲ್ಲ, ಅನುಕೂಲಕ್ಕಾಗಿ ಹೀಗಾಯಿತು. ಆದರೆ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಒಂದು ಮನೆಯವರೆಲ್ಲ ಕೂತು ಕಡಲೆಕಾಯಿ ತಿನ್ನುವುದನ್ನು ಓದಿದವರಿಗೆ, ತಿನ್ನುವುದು ಬರೀ ರುಚಿಯ ವಿಷಯವಲ್ಲ, ಯಾರಿಗೆ ಯಾವುದು ದಕ್ಕುತ್ತದೆ ಎಂಬ ವಿಷಯ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಕೌಂಟರು ಈಗ ಬದಲಾಗುತ್ತಿದೆ. ಬೆಟ್ಟದಪುರದ ಒಂದು ಬೇಕರಿಯಲ್ಲಿ ಭಟ್ಟಿಯೇ ಇರಲಿಲ್ಲ. ಮಾಲು ಬೆಳಿಗ್ಗೆ ವ್ಯಾನಿನಲ್ಲಿ ಬಂದು ಇಳಿಯುತ್ತದೆ. ಇನ್ನೊಂದರಲ್ಲಿ ಗಾಜಿನ ಪೆಟ್ಟಿಗೆಯ ತುಂಬ ಬಣ್ಣದ ಕ್ರೀಮಿನ ಕೇಕು, ಖಾರ ಬನ್ ಮೂಲೆಯ ಒಂದು ತಟ್ಟೆಯಲ್ಲಿ. ದೂರದ ಕಾರ್ಖಾನೆಯಲ್ಲಿ ಕಲಸಿದ ಹಿಟ್ಟಿಗೆ ಈ ಊರಿನ ಸಂತೆಯಲ್ಲಿ ಸಬ್ಬಸಿಗೆ ಬಂದಿದೆ ಎಂದು ತಿಳಿಯುವುದಿಲ್ಲ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವವರಿಗೆ ಕೆಡದ, ಜೇಬಿನಲ್ಲಿ ಹಿಡಿಸುವ, ನಿದ್ದೆ ಓಡಿಸುವಷ್ಟು ಖಾರದ ತಿಂಡಿ ಬೇಕೆಂದೂ ತಿಳಿಯುವುದಿಲ್ಲ. ಪಕ್ಕದ ಭಟ್ಟಿಯವನಿಗೆ ತಿಳಿದಿರುತ್ತದೆ, ಯಾಕೆಂದರೆ ಅವನ ಗಿರಾಕಿಗಳು ಅವರೇ.

ವಿಮರ್ಶೆಯಿಂದ ಭಟ್ಟಿ ಉಳಿಯುವುದಿಲ್ಲ, ನಿಜ. ಆದರೆ ಒಳ್ಳೆಯ ಖಾರ ಬನ್ ಯಾವುದು, ಯಾಕೆ ಒಳ್ಳೆಯದು ಎಂದು ಹೇಳಬಲ್ಲ ಗಿರಾಕಿಯಿಲ್ಲದೆ ಒಳ್ಳೆಯ ಖಾರ ಬನ್ ಬಹಳ ದಿನ ಉಳಿಯುವುದೂ ಇಲ್ಲ. ಹಾಗಾಗಿ ನನ್ನ ತೀರ್ಪು ಇದು: ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿರಬೇಕು, ಒಳಗು ನೂಲಿನಂತೆ ಎಳೆಯೆಳೆಯಾಗಿ ಬಿಡಬೇಕು, ಈರುಳ್ಳಿ ಬೆಂದೂ ಸಿಹಿ ಉಳಿಸಿಕೊಂಡಿರಬೇಕು, ಮೆಣಸಿನಕಾಯಿ ಮೂರನೆಯ ತುತ್ತಿಗೆ ಮಾತಾಡಬೇಕು. ಬೆಟ್ಟದಪುರದ ಮೂರು ಬೇಕರಿಗಳಲ್ಲಿ ಒಂದರದು ಈ ನಾಲ್ಕನ್ನೂ ಮಾಡಿತು. ಬೆಲೆ 15 ರೂಪಾಯಿ. ಸಬ್ಬಸಿಗೆ ಹಾಕಿದ್ದು ಅದೇ ಅಂಗಡಿ.